ಓಲೆಗರಿಯೂ ಕ್ಯಾಮೆರಾದ ಕಣ್ಣೂ

ವಾಚಕ ಮಹಾಶಯರಲ್ಲಿ ಮೊದಲಿಗೆ ಒಂದು ತಪ್ಪೊಪ್ಪಿಗೆ. ಕೆಲವು ತಿಂಗಳ ಹಿಂದೆ ಇದೇ ಪುಟದಲ್ಲಿ ಮಾಗಡಿ ತಾಲ್ಲೂಕಿನ ಒಂದು ಮನೆತನದಲ್ಲಿ ಉಳಿದುಬಂದಿರುವ ತಾಳೆಯೋಲೆಯ ಕಟ್ಟಿನ ವಿಷಯ ಬರೆದಿದ್ದೆ. ಆ ಕಟ್ಟಿನಲ್ಲಿ ಬಹುಪಾಲು ಮನೆಮದ್ದಿನ ವಿವರ. ಕೊನೆಯ ಎರಡು ಗರಿಗಳಲ್ಲಿ ಮಾತ್ರ ಆ ಮನೆಯವರು ಸುಗ್ಗಿಯಲ್ಲಿ ಊರ ಮಠದ ದಾಸೋಹಕ್ಕೆ ಒಪ್ಪಿಸಬೇಕಾದ ಧಾನ್ಯದ ಲೆಕ್ಕವಿದೆ. ರಾಗಿಯ ಪ್ರಮಾಣವನ್ನು ನಾನು ‘ಒಂದು ಕೊಳಗ’ ಎಂದು ಓದಿದೆ. ಓದಿದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇದು ಬಡ ಒಕ್ಕಲಾಗಿದ್ದರೂ ದಾಸೋಹದ ಪಾಲನ್ನು ತಪ್ಪಿಸಿದವರಲ್ಲವೆಂದು ಒಂದು ಪ್ಯಾರಾ ವ್ಯಾಖ್ಯಾನವನ್ನೂ ಸೇರಿಸಿಬಿಟ್ಟೆ.

ಸಂಚಿಕೆ ಆ ಮನೆಗೆ ತಲುಪಿದ ಮೂರನೆಯ ದಿನ ಮನೆಯ ಹಿರಿಯ ಅಜ್ಜಿಯವರು ಫೋನು ಮಾಡಿಸಿದರು. “ಅಯ್ಯನವರೇ, ನಮ್ಮನ್ನು ಬಡವರ ಮನೆ ಮಾಡಿಬಿಟ್ಟಿರಲ್ಲ! ನಮ್ಮ ಅತ್ತೆಯವರು ಹತ್ತು ಕೊಳಗ, ಹತ್ತು ಕೊಳಗ ಅಂತ ಸಾಯೋತನಕ ಹೇಳ್ತಿದ್ದರು” ಎಂದರು. ಮಾತಿನಲ್ಲಿ ನಗುವಿತ್ತು, ನೋವೂ ಇತ್ತು. ಆಮೇಲೆ ಅವರು ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಮರುದಿನವೇ ಮಾಗಡಿಯ ಬಸ್ಸು ಹತ್ತಿಸಿತು. “ಹಳೇ ಮನೆ ಕೆಡವಿ ಕಟ್ಟಿಸ್ತಾ ಇದ್ದೀವಿ. ಹುಡುಗ ಎಲ್ಲಾ ಫೋಟೋ ತೆಗೆದಿದ್ದಾನಲ್ಲ, ಇನ್ನು ಆ ಕಟ್ಟನ್ನ ಹೊಳೆಗೆ ಬಿಡಬಹುದಾ?”

ಹುಳು ಹಿಡಿದ ಓಲೆಗಳನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂದು ಪೂಜೆ ಮಾಡಿ ಹೊಳೆಗೆ ಬಿಟ್ಟವರು ನಮ್ಮ ಸೀಮೆಯಲ್ಲಿ ಒಬ್ಬಿಬ್ಬರಲ್ಲ. ಭಕ್ತಿಯಿಂದಲೇ ಮಾಡಿದ ಆ ಕಾರ್ಯದಲ್ಲಿ ಎಷ್ಟು ಕೃತಿಗಳು ನೀರು ಪಾಲಾದವೋ ಶಿವನೇ ಬಲ್ಲ. ಫ. ಗು. ಹಳಕಟ್ಟಿಯವರು ಓಲೆಗಳಿಗಾಗಿ ಮನೆ ಮನೆ ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಆ ಕಾಲಕ್ಕೆ ಗರಿಯಿಂದ ಕಾಗದಕ್ಕೆ ಪ್ರತಿ ಮಾಡುವುದು ಕೈಬರಹದ ಕೆಲಸವಾಗಿತ್ತು. ಇಂದು ಪ್ರತಿಯೊಂದು ಮನೆಯಲ್ಲಿ ಕ್ಯಾಮೆರಾ ಇದೆ. ಸೌಕರ್ಯ ದೊಡ್ಡದು, ಸಂಶಯವಿಲ್ಲ. ಆದರೆ ಚಿತ್ರವಿದೆಯೆಂಬ ಧೈರ್ಯದಿಂದ ಗರಿಯನ್ನೇ ಕೈಬಿಡಬಹುದೇ ಎಂಬುದು ಈಗ ಹೊಸದಾಗಿ ಎದ್ದಿರುವ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಕ್ಯಾಮೆರಾದ ಒಳಗೆ ನಡೆಯುವುದೇನೆಂದು ತಿಳಿಯಬೇಕು. ನಾನು ಹದಿಹರೆಯದಲ್ಲಿ ಶ್ರೀಮಠದ ಪಾಠಶಾಲೆಯಲ್ಲಿ ಓಲೆ ಓದಲು ಕಲಿತವನೇ ಹೊರತು ವಿಜ್ಞಾನ ಓದಿದವನಲ್ಲ. ಆ ಮನೆಯ ಮೊಮ್ಮಗ ರಾಮನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಹೇಳಿದ್ದು, ಅವನು ತಂದುಕೊಟ್ಟ ಪುಸ್ತಕಗಳಿಂದ ನಾನು ಗ್ರಹಿಸಿದ್ದು, ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಹಳೆಯ ಕ್ಯಾಮೆರಾದಲ್ಲಿ ಫಿಲಂ ಇತ್ತು. ಬೆಳ್ಳಿಯ ಲವಣ ಬೆಳಕಿಗೆ ಮಾರ್ಪಟ್ಟು ಚಿತ್ರ ಮೂಡುತ್ತಿತ್ತು. ಇಂದಿನ ಕ್ಯಾಮೆರಾದಲ್ಲಿ ಆ ಸ್ಥಾನದಲ್ಲಿರುವುದು ಸಿಲಿಕಾನಿನ ಒಂದು ಬಿಲ್ಲೆ. ಅದಕ್ಕೆ ಬೆಳಕಿನ ಸಂವೇದಕವೆಂದು ಹೆಸರು, ಹುಡುಗರ ಬಾಯಲ್ಲಿ ಸೆನ್ಸರ್. ಫೋನಿನಲ್ಲಿ ಅದು ಕಿರುಬೆರಳಿನ ಉಗುರಿನಷ್ಟೇ ಇರುತ್ತದೆ. ಆ ಉಗುರಿನಲ್ಲಿ ಹೊಲದ ಮಡಿಗಳಂತೆ ಸಾಲು ಸಾಲಾಗಿ ಐದು ಕೋಟಿ ಮನೆಗಳಿರುವುದು ಇಂದು ಸಾಮಾನ್ಯ. ಒಂದೊಂದು ಮನೆಯ ಅಗಲ ಒಂದು ಮೈಕ್ರಾನಿನ ಆಸುಪಾಸು, ಅಂದರೆ ತಲೆಗೂದಲೊಂದರ ದಪ್ಪದಲ್ಲಿ ಹತ್ತಾರು ಮನೆಗಳು ಹಿಡಿಸುತ್ತವೆ. ಬೆಳಕಿನ ಕಣವೊಂದು ಸಿಲಿಕಾನಿಗೆ ಬಡಿದರೆ ಅಲ್ಲಿ ಒಂದು ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಬೆಳಕು ಹೀಗೆ ಕಣಕಣವಾಗಿ ವರ್ತಿಸುತ್ತದೆಂದು 1905ರಲ್ಲಿ ವಿವರಿಸಿದ್ದಕ್ಕಾಗಿಯೇ ಐನ್‌ಸ್ಟೈನರಿಗೆ 1921ರ ನೊಬೆಲ್ ದೊರೆತದ್ದು. ಕ್ಯಾಮೆರಾದ ಬಾಗಿಲು ತೆರೆದಿರುವಷ್ಟು ಹೊತ್ತು ಪ್ರತಿಯೊಂದು ಮನೆಯಲ್ಲಿ ಎಲೆಕ್ಟ್ರಾನುಗಳು ಕೂಡುತ್ತವೆ. ಬಾಗಿಲು ಮುಚ್ಚಿದ ಮೇಲೆ ಯಾವ ಮನೆಯಲ್ಲಿ ಎಷ್ಟು ಎಂದು ಎಣಿಸಲಾಗುತ್ತದೆ. ಸಂವೇದಕ ಮಾಡುವ ಕೆಲಸ ಇಷ್ಟೇ. ಅದು ಅಕ್ಷರವನ್ನೂ ಮುಖವನ್ನೂ ನೋಡುವುದಿಲ್ಲ, ಎಣಿಕೆಯನ್ನು ಒಪ್ಪಿಸುತ್ತದೆ.

ಎಣಿಸುವ ಕ್ರಮದಲ್ಲಿ ಎರಡು ಪಂಥಗಳುಂಟು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದದ್ದು ಸಿಸಿಡಿ ಎಂಬ ಮೊದಲನೆಯದು. ಕೆರೆಯ ಹೂಳೆತ್ತುವಾಗ ಜನ ಸಾಲಾಗಿ ನಿಂತು ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಮನೆಯ ಎಲೆಕ್ಟ್ರಾನುಗಳು ಪಕ್ಕದ ಮನೆಗೆ, ಅಲ್ಲಿಂದ ಮುಂದಿನದಕ್ಕೆ ಸರಿಯುತ್ತ ಸಾಲಿನ ಕೊನೆಗೆ ಬರುತ್ತವೆ. ಏರಿಯ ಮೇಲೆ ಕುಳಿತ ಲೆಕ್ಕದವನು ಒಬ್ಬನೇ. ಎರಡನೆಯದು ಸಿಮಾಸ್. ಇದರಲ್ಲಿ ಪ್ರತಿಯೊಂದು ಮನೆಗೂ ತನ್ನದೇ ಸಣ್ಣ ಲೆಕ್ಕದವನಿದ್ದಾನೆ. ಬಾಹ್ಯಾಕಾಶ ನೌಕೆಗಳ ಕ್ಯಾಮೆರಾಗಳನ್ನು ಹಗುರ ಮಾಡುವ ಉದ್ದೇಶದಿಂದ 1990ರ ದಶಕದಲ್ಲಿ ಎರಿಕ್ ಫಾಸಮ್ ಎಂಬ ವಿಜ್ಞಾನಿ ಇದನ್ನು ಊರ್ಜಿತಕ್ಕೆ ತಂದರು. ಕಡಿಮೆ ವಿದ್ಯುತ್ತು, ಕಡಿಮೆ ಖರ್ಚು. ಇಂದು ಎಲ್ಲರ ಜೇಬಿನಲ್ಲಿರುವುದು ಇದೇ. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ನೂರು ಸಾಲು, ಸಾಲಿಗೆ ನೂರು ಮನೆ, ಒಟ್ಟು ಹತ್ತು ಸಾವಿರ. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಪಟ್ಟಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತಂತೆ. ಬಾಯ್ಲ್, ಸ್ಮಿತ್ ಇಬ್ಬರಿಗೂ 2009ರಲ್ಲಿ ನೊಬೆಲ್ ಬಂತು.

ಇನ್ನು ನನ್ನ ಸೊನ್ನೆ ಎಲ್ಲಿ ಹೋಯಿತು?

ಮಳೆಗಾಲದ ಆರಂಭದ ತುಂತುರಿನಲ್ಲಿ ಅಂಗಳದ ತುಂಬ ಒಂದೇ ಅಳತೆಯ ಬಟ್ಟಲುಗಳನ್ನು ಇಟ್ಟಿದ್ದೇವೆನ್ನಿ. ಎರಡು ನಿಮಿಷದ ಮೇಲೆ ನೋಡಿದರೆ ಒಂದರಲ್ಲಿ ಎಂಟು ಹನಿ, ಪಕ್ಕದ್ದರಲ್ಲಿ ಹದಿಮೂರು. ಮಳೆ ಎಲ್ಲಕ್ಕೂ ಒಂದೇ, ಆದರೆ ಹನಿ ಬೀಳುವುದು ತನ್ನಿಚ್ಛೆಯಂತೆ. ಜಡಿಮಳೆ ಹೊಡೆದು ಬಟ್ಟಲು ತುಂಬುತ್ತ ಬಂದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಕಿನ ಕಣಗಳೂ ಹೀಗೆಯೇ. ಸರಾಸರಿ ಹತ್ತು ಸಾವಿರ ಕಣ ಬೀಳುವ ಕಡೆ ಏರಿಳಿತ ಸುಮಾರು ನೂರು, ಅಂದರೆ ನೂರಕ್ಕೆ ಒಂದು. ನೂರೇ ಕಣ ಬೀಳುವ ಕಡೆ ಏರಿಳಿತ ಹತ್ತು, ಅಂದರೆ ನೂರಕ್ಕೆ ಹತ್ತು. ಎಣಿಕೆಯ ವರ್ಗಮೂಲದಷ್ಟು ಏರಿಳಿತವೆಂದು ಗಣಿತಜ್ಞರ ಸೂತ್ರ. ಮಬ್ಬಿನಲ್ಲಿ ತೆಗೆದ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಇದೇ.

ಹುಡುಗ ಫೋಟೋ ತೆಗೆದದ್ದು ದೇವರ ಕೋಣೆಯಲ್ಲಿ, ಸಂಜೆ, ನೆತ್ತಿಯ ಮೇಲಿನ ಒಂದು ಸಣ್ಣ ದೀಪದಲ್ಲಿ. ಓಲೆಯ ಅಕ್ಷರ ಮೊದಲು ಬಣ್ಣವಲ್ಲ, ಗೀರು. ಕಂಟದಿಂದ ಕೊರೆದ ಮೇಲೆ ಮಸಿ ತೀಡಿದರೆ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಕಾಣುತ್ತದೆ. ಆ ಗರಿಯಲ್ಲಿ ೧ ಎಂಬ ಅಂಕೆಯ ಮಸಿ ನಿಂತಿದೆ. ಅದರ ಮುಂದಿನ ಸೊನ್ನೆ ಗರಿಯ ಅಂಚಿನಲ್ಲಿದೆ. ತಲೆಮಾರುಗಳ ಹೆಬ್ಬೆರಳು ತಾಗಿ ತಾಗಿ ಅಲ್ಲಿಯ ಮಸಿಯೆಲ್ಲ ಸವೆದು ಬರಿಯ ಗೀರು ಉಳಿದಿದೆ. ಬರಿಯ ಗೀರಿಗೆ ತನ್ನದೆಂಬ ಬಣ್ಣವಿಲ್ಲ, ಓರೆಯಾಗಿ ಬೆಳಕು ಬಿದ್ದಾಗ ಮೂಡುವ ನೆರಳೊಂದೇ ಅದರ ಗುರುತು. ನೆತ್ತಿಯ ದೀಪಕ್ಕೆ ಆ ನೆರಳೂ ಇಲ್ಲವೆಂಬಷ್ಟು ತೆಳುವಾಗಿ, ಸುತ್ತಲಿನ ಗರಿಗೂ ಸೊನ್ನೆಗೂ ಎಣಿಕೆಯಲ್ಲಿ ನೂರಕ್ಕೆ ನಾಲ್ಕೈದರ ಅಂತರ ಮಾತ್ರ ಇದ್ದಿರಬೇಕು. ಮಬ್ಬಿನ ಏರಿಳಿತವೋ ನೂರಕ್ಕೆ ಹತ್ತು. ಫೋನಿನೊಳಗಿನ ಗಣಕ ಈ ಏರಿಳಿತವನ್ನು ಕೊಳೆಯೆಂದು ಬಗೆದು ಸವರಿ ನುಣುಪು ಮಾಡುತ್ತದೆ. ಯಾವುದು ಕೊಳೆ, ಯಾವುದು ಸೊನ್ನೆ ಎಂದು ಅದಕ್ಕೆ ಹೇಳುವವರಾರು? ಕೊಳೆಯೊಡನೆ ಸೊನ್ನೆಯೂ ಹೋಯಿತು. ಬಳಿಕ ಸಂದೇಶದ ಮೂಲಕ ನನಗೆ ಕಳುಹಿಸುವಾಗ ಚಿತ್ರವನ್ನು ಇನ್ನೊಮ್ಮೆ ಕುಗ್ಗಿಸಲಾಯಿತು. ನನ್ನ ಕೈಗೆ ಬಂದದ್ದು ಬಲು ಅಂದವಾದ, ಕಲೆಯಿಲ್ಲದ ಚಿತ್ರ. ಅಷ್ಟು ಹಳೆಯ ಗರಿ ಅಷ್ಟು ನುಣುಪಾಗಿ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಲಿಪಿಕಾರನ ಕೈತಪ್ಪನ್ನು ನಲವತ್ತು ವರ್ಷ ಹುಡುಕಿದವನು ಯಂತ್ರದ ಕೈತಪ್ಪನ್ನು ಊಹಿಸಲಿಲ್ಲ.

ಬಣ್ಣದ ಸಂಗತಿ ಇನ್ನೂ ವಿಚಿತ್ರವಾಗಿದೆ. ಸಿಲಿಕಾನಿಗೆ ಬಣ್ಣ ತಿಳಿಯದು, ಕಣಗಳ ಸಂಖ್ಯೆ ಮಾತ್ರ ಗೊತ್ತು. ಆದ್ದರಿಂದ ಪ್ರತಿಯೊಂದು ಮನೆಯ ಮೇಲೂ ಒಂದೊಂದು ಬಣ್ಣದ ಸೋಸುಗಾಜನ್ನು ಹೊದಿಸುತ್ತಾರೆ. ಅರ್ಧ ಮನೆಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ನಮ್ಮ ಕಣ್ಣು ಹೊಳಪನ್ನು ಹೆಚ್ಚಾಗಿ ಗ್ರಹಿಸುವುದು ಹಸಿರಿನಲ್ಲಿ, ಅದಕ್ಕಾಗಿ ಆ ಪಕ್ಷಪಾತ. ಕೊಡಾಕ್‌ನ ಬ್ರೈಸ್ ಬೇಯರ್ ಇದಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಕೆಂಪು ಗಾಜಿನ ಮನೆಗೆ ತನ್ನಲ್ಲಿ ಎಷ್ಟು ಹಸಿರು, ಎಷ್ಟು ನೀಲಿ ಎಂಬುದು ತಿಳಿಯದು. ಅದನ್ನು ನೆರೆಹೊರೆಯ ಮನೆಗಳಿಂದ ಅಂದಾಜು ಮಾಡಿ ತುಂಬುತ್ತಾರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಹಿಡಿ ಗೂಡನ್ನು ಅಲ್ಲಾಡಿಸಿ ನೋಡಿ ಇಡೀ ಲಾಟಿಗೆ ಬೆಲೆ ಕಟ್ಟುವಂತೆ ಎನ್ನಬಹುದು. ನುರಿತವರ ಅಂದಾಜು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೂ ಒಂದು ಬಣ್ಣದ ಚಿತ್ರದಲ್ಲಿರುವ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು ಎಂದು ತಿಳಿದಾಗ ನಾನು ಸ್ವಲ್ಪ ಹೊತ್ತು ಮೌನವಾಗಿ ಕುಳಿತೆ.

ಚನ್ನಪಟ್ಟಣದ ಬೊಂಬೆ ಮಾಡುವ ಒಬ್ಬ ತಾಯಿ ಈ ಸಂಗತಿಯನ್ನು ಪುಸ್ತಕವಿಲ್ಲದೆ ಕಲಿತವರು. ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ, ಒಣ ತಾಳೆಗರಿಯಿಂದ ಉಜ್ಜಿ ಹೊಳಪು ತರುವ ಕಸುಬು ಅವರದು. (ಅಲ್ಲಿಯೂ ಗರಿಯೇ, ನೋಡಿ!) ಫೋನಿನಲ್ಲಿ ಚಿತ್ರ ಕಳುಹಿಸಿ ದೂರದ ಊರುಗಳಿಂದ ಬೇಡಿಕೆ ಪಡೆಯುತ್ತಾರೆ. ಒಮ್ಮೆ ಅರಿಸಿನ ಬಣ್ಣದ ಬೊಂಬೆಗಳ ಒಂದು ಪೆಟ್ಟಿಗೆಯೇ ಹಿಂದಿರುಗಿ ಬಂತಂತೆ. ಚಿತ್ರದಲ್ಲಿ ಕಿತ್ತಳೆ, ಕೈಯಲ್ಲಿ ಹಳದಿ ಎಂದು ಕೊಂಡವರ ಆಕ್ಷೇಪ. ಹಳದಿ ಬೆಳಕಿನ ಬಲ್ಬಿನ ಕೆಳಗೆ ತೆಗೆದ ಚಿತ್ರ ಅದು. ದೀಪದ ಬಣ್ಣ ಯಾವುದು, ವಸ್ತುವಿನ ಬಣ್ಣ ಯಾವುದು ಎಂದು ಕ್ಯಾಮೆರಾ ಬೇರ್ಪಡಿಸಬೇಕಾದರೆ ‘ಇದು ಬಿಳಿ’ ಎಂದು ಹೇಳುವ ಒಂದು ಆಧಾರ ಬೇಕು. ಅಂದಿನಿಂದ ಆ ತಾಯಿ ಬೊಂಬೆಯ ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟು, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿಯೇ ಚಿತ್ರ ತೆಗೆಯುತ್ತಾರೆ. ಆ ಉಪಾಯವನ್ನು ನಾನು ಅವರಿಂದ ಕಡ ಪಡೆದೆ.

ಸಿಲಿಕಾನಿನ ಇನ್ನೊಂದು ಗುಣ ನಮ್ಮ ಕಣ್ಣಿಗಿಲ್ಲ. ಕೆಂಪಿನಾಚೆಗಿನ ಅವಗೆಂಪು ಕಿರಣ ಅದಕ್ಕೆ ಕಾಣುತ್ತದೆ, ಸುಮಾರು 1100 ನ್ಯಾನೋಮೀಟರಿನವರೆಗೆ. ನಮ್ಮ ಕಣ್ಣು 700ರ ಹೊತ್ತಿಗೆ ಸೋಲುತ್ತದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಬಣ್ಣ ಕೆಡದಿರಲೆಂದು ಒಂದು ಗಾಜನ್ನಿಟ್ಟು ಈ ಕಿರಣವನ್ನು ತಡೆಯುತ್ತಾರೆ. ಕನಕಪುರದ ದಕ್ಷಿಣಕ್ಕೆ ಸಂಗಮದ ಕಡೆಯ ಕಾವೇರಿ ಕಾಡಿನಂಥ ಕಡೆಗಳಲ್ಲಿ ಪ್ರಾಣಿಗಳ ಗಣತಿಗೆ ಮರಕ್ಕೆ ಕಟ್ಟುವ ಕ್ಯಾಮೆರಾಗಳುಂಟಷ್ಟೆ. ಅವುಗಳಲ್ಲಿ ಕೆಲವು ಜಾತಿಯವು ರಾತ್ರಿ ಆ ತಡೆಗಾಜನ್ನು ಸರಿಸಿ, ಮನುಷ್ಯನ ಕಣ್ಣಿಗೆ ಬೀಳದ ಅವಗೆಂಪು ದೀಪ ಹಚ್ಚಿ ಚಿರತೆಯ ಚಿತ್ರ ಹಿಡಿಯುತ್ತವೆ. ಕತ್ತಲಲ್ಲಿ ತೆಗೆದ ಅಂಥ ಚಿತ್ರಗಳು ಕಪ್ಪು ಬಿಳುಪಾಗಿರುವುದು ಅದಕ್ಕೇ.

ಕಾಡಿನ ಈ ಉಪಾಯ ಓಲೆಗೂ ಒದಗಿದೆಯೆಂಬುದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ, ಸುಮಾರು 700 ವರ್ಷ ಹಳೆಯದೆನ್ನಲಾದ ಓಲೆಪ್ರತಿ ಕಪ್ಪಾಗಿ, ಸಿಡಿದು, ಓದಲು ಅಸಾಧ್ಯವೆನ್ನುವಂತಾಗಿತ್ತು. 2005–06ರ ಸುಮಾರಿಗೆ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ಅದರ ಗರಿಗಳನ್ನು ಅವಗೆಂಪು ಬೆಳಕಿನಲ್ಲಿ ಹಿಡಿಯಿತು. ಮುಪ್ಪಿನಿಂದ ಕಂದಿದ ಗರಿ ಅವಗೆಂಪಿನಲ್ಲಿ ಬೆಳ್ಳಗೆ ತೋರುತ್ತದೆ. ಇದ್ದಿಲ ಮಸಿ ಆ ಕಿರಣವನ್ನೂ ನುಂಗಿ ಕಪ್ಪಾಗಿಯೇ ಉಳಿಯುತ್ತದೆ. ಕಪ್ಪಿನ ಮೇಲಿನ ಕಪ್ಪು ಹೀಗೆ ಬೇರೆಯಾಗಿ ಅಕ್ಷರ ಎದ್ದುಬಂತು. ಆದರೆ ಮಸಿಯಿದ್ದರೆ ಮಾತ್ರ ಈ ವಿದ್ಯೆ ನಡೆಯುವುದು. ಮಸಿ ಸವೆದ ನಮ್ಮ ಸೊನ್ನೆಗೆ ಅದು ನಿರುಪಯೋಗಿ, ಅದಕ್ಕೆ ಓರೆ ಬೆಳಕೇ ಬೇಕು.

ಮಾಗಡಿ ಸೀಮೆಯ ಮಗ್ಗುಲಲ್ಲಿಯೇ, ಬೆಂಗಳೂರು ದಕ್ಷಿಣ ತಾಲ್ಲೂಕಿನ ಬ್ಯಾಲಾಳು ಎಂಬ ಹಳ್ಳಿಯಿದೆ. ಸುತ್ತಲ ನೆಲ ಬಟ್ಟಲಿನಂತೆ ತಗ್ಗಾಗಿರುವುದರಿಂದ ಹೊರಗಿನ ರೇಡಿಯೋ ತರಂಗಗಳ ಗದ್ದಲ ಕಡಿಮೆಯೆಂದು ಇಸ್ರೋ ಅಲ್ಲಿ 32 ಮೀಟರು ಮತ್ತು 18 ಮೀಟರು ಅಗಲದ ಎರಡು ದೊಡ್ಡ ತಟ್ಟೆಗಳನ್ನು ನಿಲ್ಲಿಸಿತು. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಸುದ್ದಿ ಮುಖ್ಯವಾಗಿ ಇಳಿದದ್ದು ಆ ತಟ್ಟೆಗಳ ಮೂಲಕ. ಆ ನೌಕೆಯ ಭೂಚಿತ್ರಣ ಕ್ಯಾಮೆರಾದಲ್ಲಿ ಇದ್ದದ್ದು ಹೊಲದಂಥ ಸಂವೇದಕವಲ್ಲ, ಒಂದೇ ಸಾಲಿನದು. ಸಾಲಿಗೆ 4000 ಮನೆ, ಒಂದೊಂದು ಮನೆಗೆ ಚಂದ್ರನ ನೆಲದ 5 ಮೀಟರು, ಒಟ್ಟು 20 ಕಿಲೋಮೀಟರು ಅಗಲ. ನೇಕಾರನು ಎಳೆಯ ಮೇಲೆ ಎಳೆ ಹೊಡೆದು ಸೀರೆ ನೇಯುವಂತೆ ನೌಕೆ ಮುಂದೆ ಸಾಗಿದಷ್ಟೂ ಸಾಲಿನ ಮೇಲೆ ಸಾಲು ಕೂಡಿ ಚಿತ್ರವಾಗುತ್ತಿತ್ತು. ಅಂಥ ಸಾಲುಗಳು ಮೂರು: ಒಂದು ಮುಂದಕ್ಕೆ, ಒಂದು ನೇರ ಕೆಳಕ್ಕೆ, ಒಂದು ಹಿಂದಕ್ಕೆ ನೋಡುತ್ತಿದ್ದವು. ಒಂದೇ ಗುಡ್ಡವನ್ನು ಮೂರು ಓರೆಗಳಿಂದ ಕಂಡು ಅದರ ಎತ್ತರವನ್ನು ಲೆಕ್ಕ ಹಾಕುವುದು ಉದ್ದೇಶ. 2009ರ ಆಗಸ್ಟ್ 29ರಂದು ಆ ನೌಕೆಯ ಸಂಪರ್ಕ ಕಡಿದುಹೋಯಿತು. ಅದು ಕಳುಹಿಸಿದ ಎಣಿಕೆಗಳು ಬ್ಯಾಲಾಳಿನ ದತ್ತಾಂಶ ಕೇಂದ್ರದಲ್ಲಿ ಉಳಿದಿವೆ.

ಆ ಕೇಂದ್ರದ ಪದ್ಧತಿ ನಮ್ಮ ಗ್ರಂಥಸಂಪಾದನೆಯವರ ಪದ್ಧತಿಯಂತೆಯೇ ಇರುವುದು ನನ್ನನ್ನು ಬೆರಗುಗೊಳಿಸಿತು. ನೌಕೆಯಿಂದ ಬಂದ ಕಚ್ಚಾ ಎಣಿಕೆ ಒಂದು ಮಟ್ಟ, ಉಪಕರಣದ ದೋಷ ಕಳೆದು ತಿದ್ದಿದ್ದು ಮುಂದಿನ ಮಟ್ಟ, ನಕ್ಷೆಗಳು ಅದರಿಂದಾಚೆಗೆ. ತಿದ್ದಿದ ಪ್ರತಿ ಸಿದ್ಧವಾಯಿತೆಂದು ಮೂಲವನ್ನು ಎಸೆಯುವುದಿಲ್ಲ. ತಿದ್ದುವ ಕ್ರಮವೇ ತಪ್ಪಿತ್ತೆಂದು ನಾಳೆ ತಿಳಿದರೆ ಹಿಂದಿರುಗಲು ದಾರಿ ಇರಬೇಕಲ್ಲವೇ? ನಾವೂ ಮೂಲಪಾಠ, ಪಾಠಾಂತರ, ಶುದ್ಧಪಾಠ ಎಂದು ಬೇರೆ ಬೇರೆಯಾಗಿ ಕಾಪಾಡುತ್ತೇವೆ. ಫೋನು ಮಾತ್ರ ಶುದ್ಧಪಾಠವೊಂದನ್ನು ಕೈಗಿತ್ತು ಮೂಲವನ್ನು ಅಳಿಸಿಬಿಡುತ್ತದೆ. ಹಾಗೆ ಅಳಿಸದಂತೆಯೂ ಹೇಳಬಹುದು. ಅನೇಕ ಫೋನುಗಳಲ್ಲಿ ‘ರಾ’ ಎಂಬ ಆಯ್ಕೆಯಿದೆ, ಅಂದರೆ ಹಸಿಯದು. ಅದರಲ್ಲಿ ಸವರುವಿಕೆ, ಕುಗ್ಗಿಸುವಿಕೆ ಬಹಳ ಕಡಿಮೆ. ಜಾಗ ಹೆಚ್ಚು ಬೇಕಾಗುತ್ತದೆ, ನೋಡಲು ಸಪ್ಪೆಯಾಗಿರುತ್ತದೆ, ಆದರೆ ಎಣಿಕೆ ಉಳಿದಿರುತ್ತದೆ.

ಮಾಗಡಿಯ ಆ ಮನೆಯಲ್ಲಿ ನಾವು ಎರಡು ಹಗಲು ಕುಳಿತೆವು. ಕಪ್ಪು ಬಟ್ಟೆಯ ಮೇಲೆ ಒಂದೊಂದೇ ಗರಿಯನ್ನಿಟ್ಟು, ಪಕ್ಕದಲ್ಲಿ ಒಂದು ಅಳತೆಪಟ್ಟಿ, ಚನ್ನಪಟ್ಟಣದ ತಾಯಿ ಹೇಳಿದಂತೆ ಒಂದು ತುಂಡು ಬಿಳಿಯ ಕಾಗದ. ಹುಡುಗ ಪುಸ್ತಕಗಳನ್ನು ಪೇರಿಸಿ ಫೋನನ್ನು ಅಲುಗದಂತೆ ನಿಲ್ಲಿಸಿ, ಬೆರಳು ತಾಗಿ ನಡುಗದಿರಲೆಂದು ಮೂರು ಸೆಕೆಂಡು ತಡೆದು ಚಿತ್ರ ತೆಗೆಯುವಂತೆ ಮಾಡಿದ. ಓದುವ ಮೇಜಿನ ದೀಪವನ್ನು ಗರಿಯ ಮಟ್ಟಕ್ಕೆ ಇಳಿಸಿ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬೆಳಕು ಹಾಯಿಸಿದೆವು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಗರಿಯನ್ನು ಕಿಟಕಿಗೆ ಓರೆಯಾಗಿ ಹಿಡಿದು ಓದಿಸುತ್ತಿದ್ದದ್ದು ಇದಕ್ಕೇ ಎಂದು ಅರವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು. ಕೊನೆಯ ಗರಿಗೆ ಎಡದಿಂದ ಬೆಳಕು ಬಿದ್ದಾಗ, ೧ರ ಮುಂದೆ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಉಂಗುರ ಪರದೆಯ ಮೇಲೆ ಮೂಡಿತು. ಅಜ್ಜಿಯವರು ಕನ್ನಡಕ ಏರಿಸಿ ನೋಡಿ, “ನಾನು ಹೇಳಲಿಲ್ಲವೇ” ಎಂದರು.

ಅಷ್ಟರಲ್ಲೇ ಮುಗಿಯಲಿಲ್ಲ. ಮದ್ದಿನ ಗರಿಗಳ ಒಂದರಲ್ಲಿ, ಎರಡು ಸಾಲುಗಳ ನಡುವೆ, ಮಸಿಯನ್ನೇ ಕಾಣದ ಇನ್ನೊಂದು ಕೈಯ ಬರಹ ಓರೆ ಬೆಳಕಿಗೆ ತಲೆಯೆತ್ತಿದೆ. ನಾಲ್ಕು ಅಕ್ಷರ ಓದಿದ್ದೇನೆ. ಉಳಿದದ್ದು ಬಲಗಡೆಯ ಬೆಳಕಿನಲ್ಲಿ ಒಂದು ಬಗೆ, ಎಡಗಡೆಯದರಲ್ಲಿ ಇನ್ನೊಂದು ಬಗೆ ತೋರುತ್ತದೆ. ಗರಿಯನ್ನೇ ಮತ್ತೊಮ್ಮೆ ಕೈಯಲ್ಲಿ ಹಿಡಿದು ನೋಡದೆ ಅದನ್ನು ಬಿಡಿಸಲಾರೆ.

ಕಟ್ಟು ಹೊಳೆಗೆ ಹೋಗಲಿಲ್ಲ. ಗರಿಗಳನ್ನು ಮೆತ್ತನೆಯ ಕುಂಚದಿಂದ ಒರೆಸಿ, ಕೆಂಪು ವಸ್ತ್ರದಲ್ಲಿ ಸುತ್ತಿ, ಬಜೆಯ ಬೇರಿನ ಚೂರುಗಳನ್ನಿಟ್ಟು ಹೊಸ ಮನೆಯ ನಡುಕೋಣೆಯ ಕಪಾಟಿನಲ್ಲಿ, ನೆಲದ ತೇವ ತಾಗದಷ್ಟು ಎತ್ತರದಲ್ಲಿ ಇರಿಸಿದ್ದಾರೆ. ನಾನು ಬಸ್ಸಿಗೆ ಹೊರಟಾಗ ಅಜ್ಜಿಯವರು ಬಾಗಿಲಿನವರೆಗೂ ಬಂದರು. “ಹತ್ತು ಕೊಳಗ ಅಂತ ಅಚ್ಚು ಹಾಕಿಸಿಬಿಡಿ, ಅಯ್ಯನವರೇ. ಊರೆಲ್ಲಾ ಓದಿದ್ದಾರೆ” ಎಂದರು. ಹಾಕಿಸಿದ್ದೇನೆ.